ಒಲೆಯ ಮೇಲೆ ಒಣಗಿದ ಟಾರ್ಚು

ಗೂಡಲೂರಿನ ಮಳೆಗಾಲದಲ್ಲಿ ಉಪ್ಪು, ಬೆಂಕಿಪೊಟ್ಟಣ, ಟಾರ್ಚು ಈ ಮೂರಕ್ಕೂ ನಮ್ಮ ಮನೆಯಲ್ಲಿ ಒಂದೇ ವಾಸಸ್ಥಾನ: ಸೌದೆ ಒಲೆಯ ಮೇಲಿನ ಹಲಗೆ. ತೇವ ತಾಗಬಾರದೆಂಬ ಸದುದ್ದೇಶ. ಟಾರ್ಚಿಗೂ ಹೊಗೆಗೂ ಆಗಿಬರುವುದಿಲ್ಲವೆಂದು ಅತ್ತಿಗೆಯ ಸನ್ನಿಧಿಯಲ್ಲಿ ಪ್ರತಿ ವರ್ಷವೂ ಅರಿಕೆ ಮಾಡಿಕೊಳ್ಳುತ್ತಿದ್ದೆ. "ಒಣಗಿದ್ರೆ ತಾನೆ ಉರಿಯೋದು" ಎಂದು ಅವರು ಅರ್ಜಿ ವಜಾ ಮಾಡುತ್ತಿದ್ದರು.

ಆ ಸಂಜೆ ಅವರ ಹಸು ಈಯುವುದರಲ್ಲಿತ್ತು. ಚೊಚ್ಚಲು, ಬಾಟಲಿ ಹಾಲು ಕುಡಿಸಿ ಅವರೇ ಸಾಕಿದ್ದು. ಅಣ್ಣ ಊರಲ್ಲಿರಲಿಲ್ಲ. ಕರೆಂಟು ಹೋಗಿ ಮೊಬೈಲುಗಳೂ ಸತ್ತಿದ್ದವು. ಕೊಟ್ಟಿಗೆ ಇದ್ದುದು ಟೀ ಗಿಡಗಳ ಆಚೆ, ಮುನ್ನಾದಿನ ಆನೆ ಲದ್ದಿ ಹಾಕಿ ಹೋದ ದಾರಿಯಲ್ಲಿ. ಮೇಣದಬತ್ತಿ ಗಾಳಿಗೆ ಹೊಸ್ತಿಲು ದಾಟಲಿಲ್ಲ.

ಅತ್ತಿಗೆ ಟಾರ್ಚಿನ ಗುಂಡಿ ನೂಕಿದರು, ಕುಟ್ಟಿದರು, ಬೈದರು. ಅದು ಯಾವುದಕ್ಕೂ ಜಗ್ಗಲಿಲ್ಲ.

"ಸೆಲ್ಲು ಹೋಗಿದೆ."

"ಮೊನ್ನೆ ಹಾಕಿದ್ದು ಅತ್ತಿಗೆ. ಇದು ಹೊಗೆಯ ಕೆಲಸ."

"ಬಂತಲ್ಲ ಹೊಗೆ ಪುರಾಣ. ಅಲ್ಲಿ ಹಸು ನರಳ್ತಾ ಇದೆ, ಕೇಳ್ಸುತ್ತಾ ನಿಂಗೆ?"

ಕೇಳಿಸುತ್ತಿತ್ತು. ಒಲೆಯ ಬೆಳಕಿನಲ್ಲಿ ಟಾರ್ಚನ್ನು ಬಿಚ್ಚಿದೆ. ವಿದ್ಯುತ್ತು ಮಹಾ ಮಡಿವಂತ. ಅರ್ಧ ಪ್ರದಕ್ಷಿಣೆಯನ್ನು ಅದು ಒಪ್ಪುವುದಿಲ್ಲ. ಸೆಲ್ಲಿನ ನೆತ್ತಿಯಿಂದ ಹೊರಟು, ಬಲ್ಬನ್ನು ಹಾದು, ಪಕ್ಕದ ಹಿತ್ತಾಳೆ ಪಟ್ಟಿಯಗುಂಟ ಇಳಿದು, ತಳದ ಸ್ಪ್ರಿಂಗಿನ ಮೂಲಕ ಸೆಲ್ಲಿನ ಬುಡಕ್ಕೇ ಮರಳಬೇಕು. ಆ ದಾರಿಯಲ್ಲಿ ಒಂದೇ ಒಂದು ಕಿಂಡಿ. ಗುಂಡಿ ನೂಕಿದರೆ ಪಟ್ಟಿಯ ತುದಿ ಸರಿದು ಬಲ್ಬಿನ ಸುತ್ತಲಿನ ಲೋಹದ ಬಳೆಗೆ ತಾಗುತ್ತದೆ, ಕಿಂಡಿ ಮುಚ್ಚುತ್ತದೆ, ಬೆಳಕಾಗುತ್ತದೆ. ಸ್ವಿಚ್ಚೆಂಬ ರಹಸ್ಯ ಇಷ್ಟೆ. ನಮ್ಮ ಪಟ್ಟಿಯ ತುದಿಯ ಮೇಲೆ ಒಗ್ಗರಣೆಯ ಜಿಡ್ಡೂ ಮಸಿಯೂ ಸೇರಿ ಡಾಂಬರು ರಸ್ತೆಯನ್ನೇ ಹಾಸಿದ್ದವು. ತಾಗಿದರೂ ತಾಗದಂತೆ.

ಚಾಕುವಿನಿಂದ ಕೆರೆದೆ. ಹಸು ಇನ್ನೊಮ್ಮೆ ಕೂಗಿತು, ಅವಸರಪಟ್ಟೆ, ತುದಿ ಮುರಿದು ಬೂದಿಗೆ ಬಿತ್ತು.

"ಆಯ್ತಾ ರಿಪೇರಿ?" ಎಂದರು ಅತ್ತಿಗೆ.

"ಪಿನ್ನು ಕೊಡಿ."

ಕೈಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಅವರು ಕಳಚಿ ಕೊಟ್ಟರು. ಉಳಿದ ಪಟ್ಟಿಗೂ ಬಲ್ಬಿನ ಬಳೆಗೂ ನಡುವೆ ಅದನ್ನು ತುರುಕಿದೆ. ಟಾರ್ಚು ಹೊತ್ತಿಕೊಂಡಿತು.

ದಾರಿಯಲ್ಲಿ ಆನೆಯಿರಲಿಲ್ಲ. ಕೊಟ್ಟಿಗೆಯಲ್ಲಿ ಕರುವಿನ ಒಂದೇ ಕಾಲು ಹೊರಬಂದಿತ್ತು, ಇನ್ನೊಂದು ಒಳಗೆ ಮಡಿಚಿಕೊಂಡಿತ್ತು. ನಾನು ಬೆಳಕು ಹಿಡಿದೆ. ಅತ್ತಿಗೆ ಕೈಗೆ ಎಣ್ಣೆ ಸವರಿಕೊಂಡು ಕಾಲನ್ನು ನೇರ ಮಾಡಿದರು, ಎಳೆದರು. ಕರು ಜಾರಿ ಹುಲ್ಲಿಗೆ ಬಿತ್ತು, ಒದ್ದಾಡಿತು, ಉಸಿರಾಡಿತು.

"ಅದರ ಕಣ್ಣಿಗೆ ಹೊಡೀಬೇಡ, ಬೆದರುತ್ತೆ. ಆರ್ಸು."

ಆರಿಸುವುದೆಂದರೆ ವಿದ್ಯುತ್ತಿನ ದಾರಿಯಲ್ಲಿ ಕಿಂಡಿ ಬಿಡುವುದು. ಕಿಂಡಿಗೆಂದೇ ಇದ್ದ ಜಾಗವನ್ನು ನಾನು ಪಿನ್ನಿನಿಂದ ಶಾಶ್ವತವಾಗಿ ಮುಚ್ಚಿದ್ದೆ. ಬೇರೆ ಗತಿಯಿಲ್ಲದೆ ತಳದ ಮುಚ್ಚಳ ತಿರುಗಿಸಿದೆ. ಸ್ಪ್ರಿಂಗು ತನ್ನ ಕರ್ತವ್ಯ ಮಾಡಿತು; ಎರಡೂ ಸೆಲ್ಲುಗಳು ಸಗಣಿಗೆ ಹಾರಿದವು.

"ಆರ್ಸು ಅಂದೆ ಮೈದ್ನ, ಬೀಜ ಬಿತ್ತು ಅಂದ್ನಾ?"

ಕತ್ತಲಲ್ಲಿ ಹಸು ಕರುವನ್ನು ನೆಕ್ಕುತ್ತಿತ್ತು. ಅತ್ತಿಗೆ ಅದಕ್ಕೆ ಏನೇನೋ ಮುದ್ದಿನ ಮಾತು ಹೇಳುತ್ತಿದ್ದರು. ಅವರಿಗೆ ಮನೆಗೆ ಹೋಗುವ ಅವಸರವೇ ಇರಲಿಲ್ಲ. ನಾನು ಮಂಡಿಯೂರಿ, ಬೆಚ್ಚಗಿನ ಸಗಣಿಯಲ್ಲಿ ಎರಡನೆಯ ಸೆಲ್ಲಿಗಾಗಿ ತಡಕಾಡುತ್ತಿದ್ದೆ.