ಹನ್ನೆರಡನೆಯ ಕಲ್ಲು

ಖಾದರ್ ಅಂಕಲ್ ಯಾವ ಕಟ್ಟಡಕ್ಕೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸಿ, ಆಮೇಲೆ ಮನುಷ್ಯರನ್ನು ಮಾತಾಡಿಸುತ್ತಿದ್ದರು. ಗೋಡೆ ಸುಣ್ಣದ ಕಲ್ಲಿನದಾದರೆ ಮನುಷ್ಯರ ಸರದಿ ಬರುತ್ತಲೇ ಇರಲಿಲ್ಲ. ಮೂಗು ತಾಗುವಷ್ಟು ಹತ್ತಿರ ನಿಂತು, ಕಲ್ಲಿನೊಳಗಿನ ಕಪ್ಪು ಅಂಕುಡೊಂಕು ಗೆರೆಯನ್ನು ಉಗುರಿನಿಂದ ಸವರುತ್ತಿದ್ದರು.

ಅವರ ಊರು ಸುಣ್ಣದ ಕಲ್ಲಿಗೆ ಹೆಸರಾದ ಶಹಾಬಾದ್. ಕೆಲಸ ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಕಂಪನಿಯೊಂದರಲ್ಲಿ ಕಾರಿನ ಬಿಡಿಭಾಗಗಳು ಎಷ್ಟು ನುಣುಪಾಗಿವೆ ಎಂದು ಅಳೆಯುವುದು. ದಿನವೆಲ್ಲ ನುಣುಪು ನೋಡಿ ಬೇಸರವಾಗಿಯೋ ಏನೋ, ಬಿಡುವಿನಲ್ಲಿ ಒರಟನ್ನು ಹುಡುಕುತ್ತಿದ್ದರು. ಸೌತ್‌ಫೀಲ್ಡ್‌ನ ನನ್ನ ಆಫೀಸಿನ ಲಾಬಿ ಗೋಡೆಯಲ್ಲಿ ಅಂಥ ಗೆರೆಯಿರುವ ಹನ್ನೆರಡು ಚಪ್ಪಡಿಗಳಿದ್ದವು. ನನ್ನೊಡನೆ ಊಟದ ನೆಪ ಮಾಡಿಕೊಂಡು ಬಂದು, ಟ್ರೇಸಿಂಗ್ ಪೇಪರ್ ಒತ್ತಿಟ್ಟು ಗೆರೆ ನಕಲು ಮಾಡುತ್ತಿದ್ದರು. ಊಟ ಆರಿಹೋಗುತ್ತಿತ್ತು.

“ಇದು ಬಿರುಕಲ್ಲ ತಂಗಿ. ಮ್ಯಾಲಿನ ಭಾರಕ್ಕ ಕಲ್ಲಿಗೆ ಕಲ್ಲು ಒತ್ತಿ ಕರಗ್ಯಾದ. ಈ ಗೆರಿಯ ಹಲ್ಲಿನ ಎತ್ತರ ಅಳದ್ರ, ಎಷ್ಟು ಕರಗಿಹೋತು ಅಂತ ಅಂದಾಜು ಸಿಗತದ. ಹನ್ನೆರಡೂ ಆಗಬೇಕು ನೋಡು, ಒಂದು ಬಿಟ್ರೂ ನನಗ ನಿದ್ದಿ ಬರಂಗಿಲ್ಲ.”

“ಅಂದಾಜು ಸಿಕ್ಕಿ ಏನ್ ಮಾಡ್ತೀರ ಅಂಕಲ್?”

“ನೀ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತಿ ಅಂತ ನಾ ಕೇಳೀನೇನು?”

ಹನ್ನೊಂದು ಮುಗಿದವು. ಅಷ್ಟರಲ್ಲಿ 2001ರ ಅಕ್ಟೋಬರ್. ನ್ಯೂಯಾರ್ಕಿನ ಗೋಪುರಗಳು ಬಿದ್ದು ತಿಂಗಳಾಗಿತ್ತು. ಗಡ್ಡದ ಅಂಕಲ್ ಕೊನೆಯ ಕಲ್ಲಿನ ಮುಂದೆ ನಿಂತಾಗ ಸೆಕ್ಯುರಿಟಿಯವನು ತಡೆದ. ನನ್ನನ್ನು ಕೆಳಗೆ ಕರೆಸಿ, ಇವರು ನಿನಗೆ ಗೊತ್ತೇ ಎಂದು ಕೇಳಿದ. ನಾನು ತಡವರಿಸಿದೆ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದೆ, ಹೆದರಿದ್ದೆ. ಕೊನೆಗೆ ಗೊತ್ತು ಎಂದೆ. ಆದರೆ ಅಂಕಲ್ ಅಷ್ಟರಲ್ಲಿ ನನ್ನ ಮುಖ ನೋಡಿಯಾಗಿತ್ತು.

ಮತ್ತೆ ಅವರು ಬರಲಿಲ್ಲ. ಫೋನ್ ಮಾಡಿದರೆ “ಕೆಲಸ ಭಾಳ ಅದ ತಂಗಿ” ಎನ್ನುತ್ತಿದ್ದರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ. ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಚಳಿಗಾಲ ಕಳೆದ ಮೇಲೆ, ಲಾಬಿಯ ಕಲ್ಲು ಕಿತ್ತು ಗಾಜು ಹಾಕುತ್ತಾರೆಂದು ನೋಟಿಸ್ ಬಂತು. ಮರುದಿನ ಊಟದ ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ಹನ್ನೆರಡನೆಯ ಕಲ್ಲಿಗೆ ನಾನೇ ಕಾಗದ ಒತ್ತಿ ಪೆನ್ಸಿಲ್ ಎಳೆದೆ. ಅದೇ ಸೆಕ್ಯುರಿಟಿಯವನು ಬಂದು ಹಿಂದೆ ನಿಂತ. ನನ್ನನ್ನು ಏನೂ ಕೇಳಲಿಲ್ಲ.

ಆ ಕಾಗದ ಹಿಡಿದು ಅಂಕಲ್ ಮನೆಗೆ ಹೋದೆ. ಅವರು ಆಗ ಶಿಕಾಗೊದ ಮಗಳ ಮನೆಗೆ ಹೊರಟಿದ್ದರು. ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಕೂತು, ಕನ್ನಡಕ ಏರಿಸಿ, ನಾನು ಕೊಟ್ಟ ಕಾಗದವನ್ನು ಉಗುರಿನಿಂದ ಸವರಿದರು.

“ಈ ನಾಕು ಹಲ್ಲು ಕಲ್ಲಿನವಲ್ಲ ತಂಗಿ. ನಿನ್ನ ಕೈ ನಡುಗ್ಯಾದ.”

“ಅಳಿಸಿಬಿಡಿ ಅಂಕಲ್.”

“ಯಾಕ? ಅವೂ ಭಾರ ಬಿದ್ದೇ ಆಗ್ಯಾವ.”

ಮೂಲೆಯಲ್ಲಿ ‘ಹನ್ನೆರಡು’ ಎಂದು ಬರೆದು, ಅದರ ಕೆಳಗೆ ನನ್ನ ಹೆಸರು ಬರೆದು, ಫೈಲಿಗೆ ಸೇರಿಸಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.