ದೆವ್ವಕ್ಕೆ ಬೂಟು ತೊಡಿಸಿದ ಹೆಜ್ಜೆಯಪ್ಪನವರು

ಹೆಜ್ಜೆಯಪ್ಪನವರು ಮೂವತ್ತನಾಲ್ಕು ವರ್ಷಗಳಿಂದ ಸಿನಿಮಾದವರಿಗೆ ಹೆಜ್ಜೆ ಸದ್ದು ಮಾಡಿಕೊಡುತ್ತಿದ್ದಾರೆ. ಚಿತ್ರೀಕರಣದ ಹೊತ್ತಿಗೆ ಮೈಕು ಹಿಡಿಯುವುದು ಮಾತನ್ನು. ಕಾಲಿನ ಸದ್ದು ಅದರಲ್ಲಿ ಸರಿಯಾಗಿ ಬೀಳುವುದಿಲ್ಲ. ಹಾಗಾಗಿ ಆಮೇಲೆ ಯಾರಾದರೊಬ್ಬರು ಪರದೆ ನೋಡುತ್ತ, ಪಾತ್ರ ಕಾಲಿಟ್ಟ ಕ್ಷಣಕ್ಕೇ ತಾವೂ ಕಾಲಿಟ್ಟು, ಆ ಸದ್ದನ್ನು ಹೊಸದಾಗಿ ಮುದ್ರಿಸಬೇಕು. ಆ ಯಾರಾದರೊಬ್ಬರು ಇವರು. ನಿಜವಾದ ಹೆಸರು ಗುರುತಿನ ಚೀಟಿಯಲ್ಲಿದೆ. ಅದನ್ನು ಗೇಟಿನ ಕಾವಲುಗಾರ ಬಿಟ್ಟರೆ ಬೇರೆ ಯಾರೂ ಓದಿದಂತಿಲ್ಲ.

ಸ್ಟುಡಿಯೋದಲ್ಲಿ ಅವರಿಗೊಂದು ಕೋಣೆಯಿದೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಕಿಟಕಿಯಿಲ್ಲ. ನೆಲವನ್ನು ಆರು ಚೌಕ ಮಾಡಿ ಕಲ್ಲು, ಸಿಮೆಂಟು, ಟೈಲ್ಸು, ಮರದ ಹಲಗೆ, ಜಲ್ಲಿ, ಮರಳು ಹಾಕಿದ್ದಾರೆ. ಗೋಡೆಯ ಗೂಡುಗಳಲ್ಲಿ ಅರವತ್ತೊಂದು ಜೊತೆ ಪಾದರಕ್ಷೆಗಳು. ಅವುಗಳಲ್ಲಿ ಹತ್ತೊಂಬತ್ತು ಜೊತೆ ಹೆಂಗಸರ ಹೈಹೀಲ್ಸು, ಎಲ್ಲವೂ ಹೆಜ್ಜೆಯಪ್ಪನವರ ಕಾಲಿನ ಅಳತೆಗೇ ಮಾಡಿಸಿದವು. ಮೊದಲ ಜೊತೆ ಮಾಡಿಸಲು ಹೋದಾಗ ಅಂಗಡಿಯವನು, "ಯಾರಿಗೆ ಸಾರ್?" ಎಂದು ಕೇಳಿದನಂತೆ. "ನನಗೇ" ಎಂದರು. ಅವನು ಅವರ ಕಾಲಿಗೆ ಅಳತೆಪಟ್ಟಿ ಹಿಡಿದು, "ಬಣ್ಣ ಯಾವುದಿರಲಿ?" ಎಂದನಂತೆ.

ಕೆಲಸದಲ್ಲಿ ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಪರದೆಯ ಮೇಲ್ಭಾಗಕ್ಕೆ ಕಪ್ಪು ರಟ್ಟು ಕಟ್ಟಿ, ಮಾತನ್ನು ಪೂರ್ತಿ ಬಂದ್ ಮಾಡಿ, ಮೊಣಕಾಲಿನಿಂದ ಕೆಳಗೆ ಮಾತ್ರ ನೋಡುತ್ತಾರೆ. ಮುಖ ಕಂಡರೆ ಗಮನ ನಗು, ಅಳುವಿನ ಕಡೆ ಹೋಗಿ ಕಾಲು ತಪ್ಪುತ್ತದೆ ಎಂಬುದು ಅವರ ವಾದ. ಹೀಗಾಗಿ ನಾನೂರು ಚಿಲ್ಲರೆ ಸಿನಿಮಾಗಳಿಗೆ ಕೆಲಸ ಮಾಡಿದ್ದರೂ ಒಂದರ ಕಥೆಯೂ ಅವರಿಗೆ ಗೊತ್ತಿಲ್ಲ. ಒಮ್ಮೆ ತರಕಾರಿ ಅಂಗಡಿಯಲ್ಲಿ ಹೆಸರಾಂತ ನಟಿಯೊಬ್ಬಳ ಗುರುತು ಹಿಡಿದದ್ದು ಅವಳ ಎಡಪಾದ ತುಸು ಒಳಗೆ ತಿರುಗುವುದರಿಂದ. ನಮಸ್ಕಾರ ಹೇಳಿದ್ದೂ ಅವಳ ಚಪ್ಪಲಿಗೇ.

ಈ ವರ್ಷ ಅವರ ಕೋಣೆಗೆ ಬಂದದ್ದು ಒಂದು ದೆವ್ವದ ಪ್ರೇಮಕಥೆ. ಹದಿಹರೆಯದ ಮಕ್ಕಳು ಪಾಠದ ಪುಸ್ತಕದ ಒಳಗಿಟ್ಟುಕೊಂಡು ಓದಿದ ಕಾದಂಬರಿಯೊಂದನ್ನು ಯಾರೋ ಸಿನಿಮಾ ಮಾಡಿದ್ದರು. ಅದರ ಬೆನ್ನಿಗೇ ಸ್ಟುಡಿಯೋದ ಧ್ವನಿ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದಳು. ಮೂವತ್ತು ತುಂಬದ ಹುಡುಗಿ, ಕೆಲಸ ಬಲ್ಲವಳು. ಅವಳ ಕಂಪ್ಯೂಟರಿನಲ್ಲಿ ಹನ್ನೊಂದು ಸಾವಿರ ಹೆಜ್ಜೆಗಳು ಮೊದಲೇ ಮುದ್ರಿತವಾಗಿ ಕೂತಿದ್ದವು.

"ಸರ್, ಬೇಜಾರು ಮಾಡ್ಕೋಬೇಡಿ," ಎಂದಳು ಆಕೆ, ಸೋಮವಾರ ಬೆಳಿಗ್ಗೆ. "ಶುಕ್ರವಾರ ಹತ್ತಕ್ಕೆ ಡೈರೆಕ್ಟರ್ ಬರ್ತಾರೆ. ಲೈಬ್ರರಿ ಕಾರಿಡಾರ್ ಸೀನನ್ನ ನೀವೂ ಮಾಡಿ, ನಾನೂ ಮಾಡ್ತೀನಿ. ಎರಡೂ ಕೇಳಿಸೋಣ. ಕಂಪ್ಯೂಟರಿನದೇ ಸಾಕು ಅಂದ್ರೆ ಈ ನೆಲ ಕೀಳಿಸಿ ಡಬ್ಬಿಂಗಿಗೆ ಕೋಣೆ ಮಾಡ್ತಾರಂತೆ."

"ಆಯ್ತಮ್ಮ. ನಿನ್ನ ಕಂಪ್ಯೂಟರಿಗೆ ಮೊಣಕಾಲು ನೋವು ಬರಲ್ಲ, ಅದನ್ನ ನಾನು ಒಪ್ಪಿದೆ," ಎಂದರು ಹೆಜ್ಜೆಯಪ್ಪ. ಮಾತು ಹಗುರವಾಗಿಯೇ ಬಂತು. ಆದರೆ ಅವಳು ಹೋದ ಮೇಲೆ ಆರೂ ಚೌಕಗಳ ಮೇಲೆ ಒಂದೊಂದು ಸಲ ನಿಂತು ನೋಡಿದರು. ಈ ಕೋಣೆ ಹೋದರೆ ಅವರ ಕಾಲಿಗೆ ಬೇರೆ ಕೆಲಸ ಗೊತ್ತಿಲ್ಲ.

ಅಂದೇ ಸಂಜೆಯೊಳಗೆ ದೃಶ್ಯ ಮುಗಿಸಿ, ಮನೆಗೆ ಬಂದು ಊಟಕ್ಕೆ ಕೂತು ಕೊಚ್ಚಿಕೊಳ್ಳತೊಡಗಿದರು. ಮಗಳ ಮನೆ ಕೆಳಗಿನ ಮಹಡಿಯಲ್ಲೇ ಇರುವುದರಿಂದ ಹದಿನೈದು ವರ್ಷದ ಮೊಮ್ಮಗಳ ಊಟ ದಿನವೂ ಅಜ್ಜಿಯ ಕೈಯದೇ.

"ಹುಡುಗಿಗೆ ಚಪ್ಪಟೆ ಶೂ. ಹುಡುಗನಿಗೆ ಕ್ಯಾನ್ವಾಸ್ ಬೂಟು. ಎಡಗಾಲು ಒಂಚೂರು ಎಳೀತಾನೆ, ಅದನ್ನೂ ಬಿಟ್ಟಿಲ್ಲ ನಾನು."

ಮೊಮ್ಮಗಳ ತುತ್ತು ಅರ್ಧದಲ್ಲೇ ನಿಂತಿತು. "ಯಾವ ಹುಡುಗ ತಾತ?"

"ಅದೇ, ಲೈಬ್ರರೀಲಿ ಅವಳ ಜೊತೆ ನಡೀತಾನಲ್ಲ."

"ಅವನಿಗೆ ಹೆಜ್ಜೆ ಸದ್ದು ಹಾಕಿದ್ರಾ? ತಾತಾ, ಅವನು ಸತ್ತು ಇಪ್ಪತ್ತು ವರ್ಷ ಆಯ್ತು!"

"ಹೌದಾ? ನೋಡಿದ್ರೆ ಹಾಗನ್ನಿಸಲಿಲ್ಲ. ಚೆನ್ನಾಗೇ ನಡೀತಿದ್ದ."

"ಮುಖ ನೋಡಿದ್ರಾ ನೀವು?"

"ಮುಖ ನಾನ್ಯಾಕೆ ನೋಡ್ಲಿ?"

"ಅಯ್ಯೋ ದೇವರೇ! ಅವನು ನಡೆದ್ರೆ ಸದ್ದೇ ಬರಲ್ಲ. ಇಬ್ಬರೂ ಮಾತಾಡ್ಕೊಂಡು ಹೋಗ್ತಿರ್ತಾರೆ. ಇದ್ದಕ್ಕಿದ್ದ ಹಾಗೆ ಅವಳಿಗೆ ಗೊತ್ತಾಗುತ್ತೆ, ಕೇಳ್ತಿರೋದು ತನ್ನ ಹೆಜ್ಜೆ ಮಾತ್ರ ಅಂತ. ಆಗ್ಲೇ ಅವಳಿಗೆ ಅವನು ಯಾರು ಅಂತ ತಿಳಿಯೋದು. ಇಡೀ ಕಥೆ ನಿಂತಿರೋದೇ ಅದರ ಮೇಲೆ. ನೀವು ನೋಡಿದ್ರೆ ಬೂಟು ತೊಡಿಸಿ ಕೂತಿದ್ದೀರಿ!"

"ಬಿಡೇ," ಎಂದರು ಹೆಂಡತಿ, ಅನ್ನ ಬಡಿಸುತ್ತ. "ಬರಿಗಾಲಲ್ಲಿ ಅಲೆದ್ರೆ ದೆವ್ವಕ್ಕೂ ಶೀತ ಆಗುತ್ತೆ ಅಂತ ಹಾಕಿರ್ತಾರೆ."

ಹೆಜ್ಜೆಯಪ್ಪನವರು ನಗಲಿಲ್ಲ. ಕೈ ತೊಳೆದು ಬಂದು, "ಆ ಪುಸ್ತಕ ಕೊಡು ಇಲ್ಲಿ," ಎಂದರು.

ಅವರು ಕಾದಂಬರಿ ಓದಿದ ರೀತಿ ಬೇರೆ ಯಾರೂ ಓದಿರಲಾರರು. ಕೈಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಗೆರೆ ಹಾಕಿದ ನೋಟುಪುಸ್ತಕ. ಪುಟ, ಕಾಲು ಯಾರದು, ನೆಲ ಯಾವುದು ಎಂದು ಮೂರು ಕಾಲಂ. ಬುಧವಾರ ಮಧ್ಯಾಹ್ನಕ್ಕೆ ನಾನೂರ ಆರು ಪುಟ ಮುಗಿದವು. ಹುಡುಗ ಹುಡುಗಿ ಜೊತೆಯಾಗಿ ನಡೆಯುವ ಜಾಗಗಳು ನಲವತ್ತೊಂದು. ಮುನ್ನೂರ ಹನ್ನೆರಡನೆಯ ಪುಟದ ಹತ್ತಿರ ಅವರು ಕನ್ನಡಕ ತೆಗೆದು ಎರಡು ಸಲ ಒರೆಸಿದ್ದು ಹೆಂಡತಿಯ ಕಣ್ಣಿಗೆ ಬಿತ್ತು.

"ಏನ್ರೀ ಆಯ್ತು?"

"ಅಕ್ಷರ ಬಹಳ ಸಣ್ಣದು."

ಬುಧವಾರ ಸಂಜೆ ಸ್ಟುಡಿಯೋಗೆ ಹೋಗಿ ದೆವ್ವದ ಬೂಟು ಬಿಚ್ಚಿದರು; ಎಂದರೆ ಹುಡುಗನ ಹೆಜ್ಜೆಗಳನ್ನೆಲ್ಲ ಅಳಿಸಿದರು. ಉಳಿದದ್ದು ಹುಡುಗಿಯ ಹೆಜ್ಜೆ ಮಾತ್ರ. ಕೇಳಿದರು. ಟಕ್, ಟಕ್, ಟಕ್. ಒಂದು ತಪ್ಪಿಲ್ಲ, ಜೀವವೂ ಇಲ್ಲ. ಮುಖ್ಯಸ್ಥೆ ಕಥೆ ಓದಿಯೇ ಕೆಲಸ ಮಾಡಿದ್ದವಳು. ಅವಳ ಕಂಪ್ಯೂಟರೂ ಇದನ್ನೇ ಕೊಡುತ್ತದೆ, ಅದೂ ಹತ್ತು ನಿಮಿಷದಲ್ಲಿ. ಹಾಗಾದರೆ ತಾನು ಯಾಕೆ?

ತುಂಬ ಹೊತ್ತು ಕೂತ ಮೇಲೆ ಅವರಿಗೆ ದೋಷ ಎಲ್ಲಿದೆಯೆಂದು ಹೊಳೆಯಿತು. ಆ ಗಳಿಗೆಯವರೆಗೆ ಹುಡುಗಿಗೆ ಅವನು ಸತ್ತವನೆಂದು ಗೊತ್ತಿಲ್ಲ. ತಾನು ಒಬ್ಬನ ಜೊತೆ ನಡೆಯುತ್ತಿದ್ದೇನೆ ಎಂದೇ ಅವಳ ಎಣಿಕೆ. ಈ ಹೆಜ್ಜೆಗಳಾದರೋ ಒಬ್ಬಳೇ ನಡೆಯುವವಳವು. ಅವರ ಪದ್ಧತಿಯಲ್ಲಿ ಒಂದು ಸಲಕ್ಕೆ ಒಂದೇ ಪಾತ್ರದ ಕಾಲು ಮುದ್ರಿಸುವುದು. ಮೂವತ್ತನಾಲ್ಕು ವರ್ಷ ಆ ಕೋಣೆಯಲ್ಲಿ ಎಲ್ಲರ ಕಾಲಲ್ಲೂ ನಡೆದದ್ದು ಅವರೊಬ್ಬರೇ. ಜೊತೆಯಲ್ಲಿ ನಡೆಯುವವರ ಹೆಜ್ಜೆ ಹೇಗೆ ಬೀಳುತ್ತದೆಂದು ಅವರು ಕಿವಿಗೊಟ್ಟು ಕೇಳಿಯೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ಹೆಂಡತಿಯನ್ನು ಕರೆದರು. "ಬಾರೇ, ಸ್ವಲ್ಪ ವಾಕಿಂಗ್ ಹೋಗೋಣ."

"ಮದುವೆಯಾಗಿ ನಲವತ್ತು ವರ್ಷಕ್ಕೆ! ಆ ದೆವ್ವಕ್ಕೆ ಒಳ್ಳೇದಾಗ್ಲಿ. ಎಲ್ಲಿಗೆ?"

"ಇಲ್ಲೇ. ಮನೆ ಮುಂದಿನ ಕಾರಿಡಾರಿನಲ್ಲಿ."

"ಅಷ್ಟು ದೂರಾನಾ? ಹಾಗಾದ್ರೆ ಬುತ್ತಿ ಕಟ್ಕೋತೀನಿ, ಇರಿ."

ಹೆಜ್ಜೆಯಪ್ಪನವರು ಸದ್ದಾಗದಂತೆ ಎರಡು ಜೊತೆ ಕಾಲುಚೀಲ ಹಾಕಿಕೊಂಡರು, ಹೆಂಡತಿ ಎಂದಿನ ಚಪ್ಪಲಿ ಮೆಟ್ಟಿದರು. ಲಿಫ್ಟಿನಿಂದ ಕೊನೆಯ ಕಿಟಕಿಯವರೆಗೆ ಇಪ್ಪತ್ತೆಂಟು ಮೀಟರು. ಹೋದರು, ಬಂದರು. ಪಕ್ಕದ ಮನೆಯಾಕೆ ಬಾಗಿಲು ತೆರೆದು ನೋಡಿ, ಏನೂ ಕೇಳದೆ ಮುಚ್ಚಿಕೊಂಡರು. ಮೂರನೆಯ ಸುತ್ತಿಗೆ ಹೆಜ್ಜೆಯಪ್ಪ ನಿಂತುಬಿಟ್ಟರು.

"ಮಧ್ಯ ಮಧ್ಯ ಅದೇನು, ಎರಡು ಪುಟ್ಟ ಹೆಜ್ಜೆ ಬೇಗ ಬೇಗ ಬೀಳ್ತಿವೆ? ಎಂಟೊಂಬತ್ತು ಹೆಜ್ಜೆಗೊಂದು ಸಲ."

"ನಿಮ್ಮನ್ನ ಹಿಡಿಯೋಕೆ."

"ಯಾವಾಗಿನಿಂದ?"

"ಮದುವೆ ಆದಾಗಿನಿಂದ. ನೀವು ಮುಂದೆ ಮುಂದೆ ಹೋಗ್ತೀರಿ, ನಾನು ಓಡಿ ಬಂದು ಕೂಡ್ಕೋತೀನಿ. ಊರವರ ಕಾಲೆಲ್ಲ ಕೇಳ್ಸುತ್ತಲ್ಲ ನಿಮಗೆ, ಇದು ಕೇಳ್ಸಿಲ್ವಾ?"

ಹೆಜ್ಜೆಯಪ್ಪನವರು ಬಗ್ಗಿ ಕಾಲುಚೀಲ ಸರಿಮಾಡಿಕೊಂಡರು. ಮತ್ತೆ ಆರು ಸುತ್ತು ನಡೆದರು. ಕೊನೆಯ ಎರಡು ಸುತ್ತುಗಳಲ್ಲಿ ಪುಟ್ಟ ಹೆಜ್ಜೆಗಳು ಒಂದೂ ಬೀಳಲಿಲ್ಲ.

"ಏನ್ರೀ, ನಿಧಾನ ಮಾಡಿಬಿಟ್ರಿ? ಈಗ ನಿಮ್ಮ ಸಿನಿಮಾದ್ದು ಹಾಳಾಯ್ತಲ್ಲ."

"ಸಿನಿಮಾಗೆ ಬೇಕಾದ್ದು ಆಗ್ಲೇ ಸಿಕ್ತು. ನೀನು ನಡಿ."

ಮಧ್ಯಾಹ್ನ ಕೋಣೆಯಲ್ಲಿ ಮೊದಲ ಬಾರಿಗೆ ಪರದೆಯ ರಟ್ಟು ಬಿಚ್ಚಿದರು. ಹುಡುಗ ಯಾವಾಗ ಮುಂದೆ ಹೋಗುತ್ತಾನೆ, ಹುಡುಗಿ ಯಾವಾಗ ಅವನ ಮುಖ ನೋಡುತ್ತಾಳೆ ಎಂದು ತಿಳಿಯಬೇಕಿತ್ತು. ದೆವ್ವದ ಮುಖವನ್ನು ಕಂಡವರೇ, "ಪಾಪ, ಮಗು ಊಟ ಮಾಡಿಲ್ಲ," ಎಂದುಕೊಂಡರು. ಆಮೇಲೆ ಚಪ್ಪಟೆ ಶೂ ಹಾಕಿ ಮರದ ಹಲಗೆಯ ಮೇಲೆ ನಿಂತರು. ಅವನು ಮುಂದಾದಲ್ಲಿ ಎರಡು ಪುಟ್ಟ ಹೆಜ್ಜೆ. ಅವನ ಕಡೆ ತಿರುಗಿದಲ್ಲಿ ಆ ಬದಿಯ ಕಾಲು ಅರೆ ಗೇಣು ಗಿಡ್ಡ. ಬಾಗಿಲ ಬಳಿ, ಅವನು ದಾಟಲಿ ಎಂದು ಒಂದು ತಡೆ. ಹದಿನೇಳನೆಯ ಸಲಕ್ಕೆ ಸರಿಹೋಯಿತು.

ಶುಕ್ರವಾರ ಹತ್ತಕ್ಕೆ ನಿರ್ದೇಶಕ ಬಂದ. ಮೊದಲು ಕಂಪ್ಯೂಟರಿನ ಹೆಜ್ಜೆ ಕೇಳಿಸಿದರು. "ಚೆನ್ನಾಗಿದೆ," ಎಂದ. ಆಮೇಲೆ ಹೆಜ್ಜೆಯಪ್ಪನವರದು. ಎರಡು ಪುಟ್ಟ ಹೆಜ್ಜೆ ಬಿದ್ದಾಗ ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಹುಡುಗಿ ನಿಂತಳು, ಸದ್ದು ನಿಂತಿತು. ಪಕ್ಕದಲ್ಲಿ ಹುಡುಗ ಇನ್ನೂ ಎರಡು ಹೆಜ್ಜೆ ನಡೆದ, ಏನೂ ಕೇಳಿಸಲಿಲ್ಲ.

ನಿರ್ದೇಶಕ ತೋಳು ಉಜ್ಜಿಕೊಂಡ. "ಇನ್ನೊಂದ್ಸಲ ಹಾಕಿ."

ಮುಗಿದ ಮೇಲೆ ಬಾಯಿಬಿಟ್ಟವಳು ಮುಖ್ಯಸ್ಥೆಯೇ. "ನನ್ನದರಲ್ಲಿ ಅವನು ಸದ್ದಿಲ್ಲದೆ ನಡೀತಾನೆ, ಅಷ್ಟೇ. ಇವರದರಲ್ಲಿ ಅವನು ಇದ್ದ, ಈಗ ಇಲ್ಲ ಅನ್ಸುತ್ತೆ. ಹನ್ನೊಂದು ಸಾವಿರದಲ್ಲಿ ಹುಡುಕಿದ್ರೂ ಆ ಎರಡು ಹೆಜ್ಜೆ ಸಿಗಲ್ಲ ಸರ್. ಕೋಣೆ ಇರಲಿ."

"ಇರಲಿ," ಎಂದ ನಿರ್ದೇಶಕ. "ಇಂಥ ಜಾಗ ಇನ್ನೆಷ್ಟಿವೆ?"

"ಪುಸ್ತಕದಲ್ಲಿ ಇನ್ನು ನಲವತ್ತು," ಎಂದರು ಹೆಜ್ಜೆಯಪ್ಪ. "ನೀವು ಎಷ್ಟು ಕತ್ತರಿಸಿದ್ದೀರೋ ನನಗೆ ಗೊತ್ತಿಲ್ಲ."

ಹನ್ನೊಂದಕ್ಕೆ, ನೆಲ ಕೀಳಲು ಮೊದಲೇ ಹೇಳಿಟ್ಟಿದ್ದ ಬಡಗಿ ಸಲಕರಣೆ ಚೀಲ ಹೊತ್ತು ಬಾಗಿಲಲ್ಲಿ ನಿಂತ. ಕೆಲಸ ಇಲ್ಲವೆಂದು ತಿಳಿದು ಗೊಣಗುತ್ತ ಹೊರಟವನನ್ನು ಹೆಜ್ಜೆಯಪ್ಪನವರೇ ತಡೆದರು.

"ಬಂದಿದ್ದೀಯಲ್ಲಪ್ಪ, ಒಂದು ಉಪಕಾರ ಮಾಡು. ಈ ಹಲಗೆ ಬಹಳ ಗಟ್ಟಿ. ಹಳೇ ಲೈಬ್ರರಿ ನೆಲ ಕಿರುಗುಟ್ಟಬೇಕು. ಒಂದೆರಡು ಮೊಳೆ ಸಡಿಲ ಮಾಡು."

ಬಡಗಿ ಅವರ ಮುಖವನ್ನೂ, ಕಾಲಲ್ಲಿದ್ದ ಹುಡುಗಿಯರ ಶೂವನ್ನೂ ನೋಡಿದ. "ಇಷ್ಟು ವರ್ಷದಲ್ಲಿ ಕಿರುಗುಟ್ಟೋದು ನಿಲ್ಸು ಅಂತ ಕರೆದವರೇ ಎಲ್ಲಾ ಸಾರ್."

"ಎಷ್ಟು ಮೊಳೆ ಅಂತ ನಾನು ಹೇಳ್ತೀನಿ. ನೀನು ಒಂದೊಂದೇ ಎತ್ತು," ಎಂದು ಹೆಜ್ಜೆಯಪ್ಪನವರು ಹಲಗೆಯ ಮೇಲೆ ಹತ್ತಿ ನಿಂತು, ಕಣ್ಣು ಮುಚ್ಚಿ ಕಾಲು ಊರಿದರು.