ಹಡಗಿನ ನಾಯಕಿಯೂ ಅವ್ವನ ಎಮ್ಮೆಯೂ

ಮೊನ್ನೆ ಮೊಮ್ಮಗಳು ಟೀವಿ ಹಾಕಿದ್ದಳು. ನಕ್ಷತ್ರಗಳ ನಡುವೆ ಓಡಾಡುವ ಹಡಗಂತೆ. ಅದರ ನಾಯಕಿ ಬಾಗಿಲು ಹಾಕಿಕೊಂಡು ತನ್ನ ಮನಸ್ಸಿನದನ್ನೆಲ್ಲ ಯಂತ್ರಕ್ಕೆ ಹೇಳಿ ದಿನಚರಿ ಇಡುತ್ತಾಳೆ. ಯಾವನೋ ಮೂದೇವಿ ಅದನ್ನು ಕದ್ದು ಕೇಳಿಬಿಟ್ಟ. ಚಿಕ್ಕವಳಿದ್ದಾಗ ಅಂಥ ಮೂದೇವಿ ನಾನೂ ಆಗಿದ್ದೆ.

ಸೊರಬದ ಕಡೆಯ ನಮ್ಮೂರಲ್ಲಿ ಅವ್ವ ಹಾಲು ಕರೆಯುವಾಗ ಎಮ್ಮೆಯ ಪಕ್ಕೆಗೆ ಹಣೆ ಆನಿಸಿ ಒಳಗಿನದನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು. ಒಂದು ಸಂಜೆ ಕೊಟ್ಟಿಗೆಯ ಹುಲ್ಲಿನ ಮರೆಯಲ್ಲಿ ಕೂತು ಕೇಳಿದೆ.

"ನನ್ ಮಗಳಿಗೆ ನನಗಿಂತ ಬುದ್ಧಿ ಜಾಸ್ತಿ ಕಣೇ. ಎದುರಿಗೆ ಹೇಳಿದ್ರೆ ಕೊಬ್ತಾಳೆ."

ಅವ್ವನ ಬಾಯಲ್ಲಿ ಹೊಗಳಿಕೆಯನ್ನೇ ಕೇಳದ ನಾನು ಕುಣಿಯುತ್ತ ಮರೆಯಿಂದ ಹೊರಬಿದ್ದೆ. ಅವ್ವನ ಬಾಯಿ ಕಟ್ಟಿತು. ಮರುದಿನ ನಾನು ಅಲ್ಲೇ ನಿಂತಿದ್ದೆ; ಅವ್ವ ಮಾತಿಲ್ಲದೆ ಕರೆಯಲು ಕೂತಳು. ಮಾತು ಕೇಳಿ ರೂಢಿಯಾದ ಎಮ್ಮೆ ಹಾಲನ್ನೇ ಇಳಿಸದೆ ಚೊಂಬು ಒದ್ದಿತು.

"ನಿನ್ ಕಿವಿಯಿಂದ ಹಾಲು ಹೋತು ನೋಡು. ಹೊರಗ್ ನಡಿ, ಬಾಗ್ಲು ಹಾಕು."

ಹಾಕಿದೆ. ಒಳಗೆ ಮೊದಲು ಮಾತು ಶುರುವಾಯಿತು, ಆಮೇಲೆ ಚೊಂಬಿಗೆ ಹಾಲು ಬೀಳುವ ಸದ್ದು.

ನಿನ್ನೆಯಿಂದ ಮೊಮ್ಮಗಳೂ ಕೋಣೆಯಲ್ಲಿ ಕೂತು ಫೋನಿಗೆ ದಿನಚರಿ ಹೇಳುತ್ತಿದ್ದಾಳೆ. "ನಮ್ಮಜ್ಜಿ ಇದಾಳಲ್ಲ..." ಎಂದದ್ದು ಕಿವಿಗೆ ಬಿತ್ತು. ಬಾಗಿಲು ಎಳೆದು ಬಂದುಬಿಟ್ಟೆ.